ಗಿರಣಿಯವನ ಹಿಮ್ಮಡಿ

ಉಳವಪ್ಪನ ಜೋಳದ ಬುಟ್ಟಿಯನ್ನು ನನ್ನ ಗಿರಣಿಯಿಂದ ಎತ್ತಿ ಹೊರಗಿಟ್ಟವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ, ಒಂದು ಹಿಮ್ಮಡಿ ನೋವಿಗೆ ಗಂಡಸು ಇಷ್ಟು ಹೆದರುತ್ತಾನೆಯೇ ಎಂದು ನೀವು ನಗುತ್ತೀರಿ.

ಹತ್ತಿಮತ್ತೂರಿನಲ್ಲಿ ನಮ್ಮ ಕಡೆಯ ಓಣಿಗಳಿಗೆಲ್ಲ ನನ್ನದೇ ಹಿಟ್ಟಿನ ಗಿರಣಿ. ಬೀಸುವ ಕಲ್ಲುಗಳ ನಡುವೆ ಹಿಂದಿನವರ ಹಿಟ್ಟು ಒಂದು ಹಿಡಿಯಾದರೂ ಉಳಿದೇ ಉಳಿಯುತ್ತದೆ. ಅದು ಮುಂದಿನವರ ಬುಟ್ಟಿಗೆ ಬೀಳುತ್ತದೆ. ಹಾಗಾಗಿ ಪಾಳಿ ಹಚ್ಚುವಾಗ ಹೆಂಗಸರು ತಮ್ಮ ಮುಂದೆ ಯಾರ ಬುಟ್ಟಿ ಇದೆ ಎಂದು ನೋಡಿಯೇ ತಮ್ಮದನ್ನು ಇಡುತ್ತಿದ್ದರು. ಎಪ್ಪತ್ತಾರನೆಯ ಇಸವಿಯಲ್ಲಿ ಉಳವಪ್ಪನ ಮೊಳಕೈ ಹತ್ತಿರ ಮಾಸಲು ಮಚ್ಚೆಯೊಂದು ಎದ್ದಿತು. ಅದು ಕುಷ್ಠ ಎಂದು ಸುದ್ದಿಯಾಯಿತು. ಮರುದಿನ ಅವನು ತಂದಿಟ್ಟ ಬುಟ್ಟಿಯ ಹಿಂದೆ ಯಾರೂ ಬುಟ್ಟಿ ಇಡಲಿಲ್ಲ. ಗೋಡೆಗೆ ಆತು ನಿಂತು ಎಲ್ಲರೂ ನನ್ನ ಮುಖ ನೋಡಿದರು.

"ಉಳವಪ್ಪಾ, ತಗೊಂಡ ಹೋಗು. ಇನ್ನ ಮ್ಯಾಲೆ ಇಲ್ಲಿ ತರಬ್ಯಾಡ" ಎಂದೆ.

"ಗುಳಿಗಿ ನುಂಗಾಕತ್ತೇನೋ ಗುತ್ತೆಪ್ಪಾ. ಹಿಟ್ಟಿಗೆ ಏನೂ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ."

"ನಿಮ್ಮ ಡಾಕ್ಟರ್ ಬಂದು ನನ್ನ ಗಿರಣಿ ನಡಸ್ತಾನೇನು?"

ಅವನು ಹೊಸ್ತಿಲಲ್ಲಿ ನಿಂತಲ್ಲಿಂದ ಅಲ್ಲಾಡಲಿಲ್ಲ. ನನಗೆ ಸಿಟ್ಟು ಬಂತು. ಬುಟ್ಟಿ ಎತ್ತಿ ಹೊಸ್ತಿಲಾಚೆ ಇಟ್ಟೆ. ಅಂದಿನಿಂದ ಅವನ ಹೆಂಡತಿ ಮನೆಯ ಬೀಸುವ ಕಲ್ಲಿನಲ್ಲೇ ಬೀಸತೊಡಗಿದಳು. ಗಿರಣಿ ನಿಂತಾಗ ಆ ಕಲ್ಲಿನ ಸದ್ದು ನನಗೆ ಕೇಳಿಸುತ್ತಿತ್ತು.

ಎರಡು ವರ್ಷದ ಮೇಲೆ ನನ್ನ ಎಡಗಾಲಿನ ಹಿಮ್ಮಡಿ ಹಿಡಿಯಿತು.

ಮುಂಜಾನೆ ಎದ್ದು ಮೊದಲ ಹೆಜ್ಜೆ ಊರಿದರೆ ಸಾಕು, ಹಿಮ್ಮಡಿಯೊಳಗೆ ಜಾಲಿ ಮುಳ್ಳು ಮುರಿದಂತೆ ಆಗಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಗೋಡೆ ಹಿಡಿದು ಹತ್ತಿಪ್ಪತ್ತು ಹೆಜ್ಜೆ ಕುಂಟಿದ ಮೇಲೆ ಸಡಿಲಾಗುತ್ತಿತ್ತು. ಗಿರಣಿಯಲ್ಲಿ ಮಧ್ಯಾಹ್ನದ ತನಕ ಹೇಗೋ ನಡೆಯುತ್ತಿತ್ತು. ಊಟಕ್ಕೆ ಕುಂತು ಎದ್ದರೆ ಮತ್ತೆ ಅದೇ ಮುಳ್ಳು. ದಿನಕ್ಕೆ ಹನ್ನೆರಡು ತಾಸು ನಾನು ನಿಲ್ಲುತ್ತಿದ್ದದ್ದು ಫರಸಿ ಕಲ್ಲಿನ ನೆಲದ ಮೇಲೆ, ಅದೂ ಬರಿಗಾಲಲ್ಲಿ. ಕಾಳು ಚೆಲ್ಲುವ ನೆಲ ಅದು. ಅಲ್ಲಿ ಚಪ್ಪಲಿ ಮೆಟ್ಟಿದರೆ ಉಣ್ಣುವ ಗಂಗಾಳಕ್ಕೆ ಚಪ್ಪಲಿ ತಾಗಿಸಿದ ಹಾಗೆ. ನಮ್ಮಪ್ಪನೂ ಮೆಟ್ಟಿರಲಿಲ್ಲ, ನಾನೂ ಮೆಟ್ಟಲಿಲ್ಲ.

ಹೆಂಡತಿ ಶಾರವ್ವ ಇಟ್ಟಂಗಿ ಕಾಯಿಸಿ, ಮೇಲೆ ಎಕ್ಕೆ ಎಲೆ ಹಾಸಿ ಹಿಮ್ಮಡಿ ಇಡಿಸಿದಳು. ಇಟ್ಟಷ್ಟು ಹೊತ್ತು ಹಾಯೆನಿಸಿತು, ಮುಂಜಾನೆ ಮತ್ತೆ ಹಾಗೇ. ಎರಡು ತಿಂಗಳು ಕಳೆದ ಮೇಲೆ ನನಗೆ ತಾಳ್ಮೆ ಕೆಟ್ಟಿತು. ಬರೆ ಹಾಕುವ ಭರಮವ್ವನ ಹತ್ತಿರ ಹೋದೆ. ಮಕ್ಕಳ ಹೊಟ್ಟೆ ಉಬ್ಬರಕ್ಕೆ, ಎತ್ತಿನ ಹೆಗಲಿಗೆ, ಮುದುಕರ ಮೊಣಕಾಲಿಗೆ, ಎಲ್ಲದಕ್ಕೂ ಆಕೆಯದು ಒಂದೇ ಕುಡಗೋಲು.

ಸಗಣಿ ಕುಳ್ಳಿನ ಕೆಂಡದಲ್ಲಿ ಕುಡಗೋಲಿನ ತುದಿ ಕೆಂಪಗಾಯಿತು. ಭರಮವ್ವ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹಿಮ್ಮಡಿಗೆ ಒತ್ತಿದಳು. ಚುರ್ರೆಂದಿತು, ಹೊಗೆ ಎದ್ದಿತು. ನಾನು ಹಲ್ಲು ಕಚ್ಚಿ ಕುಂತಿದ್ದೆ. ಆದರೆ ಕಚ್ಚುವಂಥದ್ದೇನೂ ಆಗಲಿಲ್ಲ.

ಆಕೆ ನನ್ನ ಮುಖ ನೋಡಿದಳು. "ಏನಲೇ ಗುತ್ತ್ಯಾ, ಉರಿನ ಹತ್ತಲಿಲ್ಲೇನ ನಿನಗ?"

"ಸ್ವಲ್ಪ ಹತ್ತಿತು."

"ಸ್ವಲ್ಪ ಹತ್ತೂದಲ್ಲೋ ಇದು. ಹೋದ ವಾರ ಎತ್ತು ಹಗ್ಗಾ ಹರಕೊಂಡು ಹೋತು. ನೀ ಏನ ಕಲ್ಲೇನ?"

ಹಾಗೆಂದು ಮತ್ತೆರಡು ಸಲ ಒತ್ತಿದಳು. ಮೂರನೆಯದನ್ನು ಹಿಮ್ಮಡಿಯ ಒಳಬದಿಗೆ, ದಪ್ಪ ಚರ್ಮ ಮುಗಿಯುವಲ್ಲಿ ಒತ್ತಿದಾಗ ನಾನು ಕೂಗಿದೆ. ಆಕೆಗೆ ಸಮಾಧಾನವಾಯಿತು.

ಗಾಯ ಕೀವಾಗಿ, ಒಣಗಿ, ಸಿಪ್ಪೆ ಬೀಳಲು ಒಂದೂವರೆ ತಿಂಗಳು ಹಿಡಿಯಿತು. ಒಳಗಿನ ಮುಳ್ಳು ಮಾತ್ರ ಹಾಗೇ ಇತ್ತು. ಅಷ್ಟರಲ್ಲಿ ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನ ಮೇಲೆ ಬಂದು ಕನ್ನಡ ಸಾಲಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹೋದರು: ಮುಟ್ಟಿದರೆ ತಿಳಿಯದ, ಚುಚ್ಚಿದರೆ ನೋಯದ ಮಾಸಲು ಮಚ್ಚೆ ಇದ್ದರೆ ಅದು ಕುಷ್ಠದ ಗುರುತು ಇರಬಹುದು, ಕೂಡಲೇ ತೋರಿಸಿರಿ. ಅದೇ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವನು ನಾನು. ನಿಂತು ಓದಿದೆ. ಓದಿದ ಮೇಲೆ ಭರಮವ್ವನ ಮಾತು ನೆನಪಾಯಿತು. ಉರಿನ ಹತ್ತಲಿಲ್ಲೇನ ನಿನಗ?

ಮನೆಗೆ ಬಂದು ಹಿತ್ತಲ ಬಾಗಿಲು ಹಾಕಿಕೊಂಡೆ. ಕಾಲು ಮಡಚಿ ಹಿಮ್ಮಡಿಯ ಒಳಬದಿ ನೋಡಿದೆ. ಅಲ್ಲಿ ರೂಪಾಯಿಯಷ್ಟಗಲ ಮಾಸಲು ಮಚ್ಚೆ. ಬರೆಯ ಗಾಯ ಒಣಗಿದ ಜಾಗ ಅದು, ನನಗೂ ಗೊತ್ತು. ಶಾರವ್ವನ ಸೂಜಿಯಿಂದ ಚುಚ್ಚಿದೆ. ಏನೂ ತಿಳಿಯಲಿಲ್ಲ. ಇನ್ನಷ್ಟು ಒಳಗೆ ಚುಚ್ಚಿದೆ. ರಕ್ತದ ಹನಿ ಮೂಡಿತು, ನೋವು ಮೂಡಲಿಲ್ಲ.

ಬರೆಯಿಂದ ಹಾಗಾಯಿತು ಎಂದು ಒಂದು ಮನಸ್ಸು ಹೇಳಿತು. ರೋಗ ಮೊದಲೇ ಇದ್ದದ್ದಕ್ಕೇ ಮೊದಲೆರಡು ಬರೆ ತಿಳಿಯಲಿಲ್ಲ ಎಂದು ಇನ್ನೊಂದು ಹೇಳಿತು. ಎರಡನೆಯದೇ ಗೆದ್ದಿತು. ಹೆದರಿದವನಿಗೆ ಯಾವಾಗಲೂ ಎರಡನೆಯದೇ ಗೆಲ್ಲುತ್ತದೆ. ಉಳವಪ್ಪನಿಗೆ ನಾನು ಮಾಡಿದ್ದನ್ನು ಊರು ನನಗೆ ಮಾಡುತ್ತದೆ, ಅದೂ ಇಮ್ಮಡಿಯಾಗಿ. ಅವನ ಒಂದು ಬುಟ್ಟಿಗೇ ಅಷ್ಟು ಹೇಸಿದ್ದರು. ನನ್ನ ಕೈ ಊರಿನ ಎಲ್ಲ ಬುಟ್ಟಿಯಲ್ಲೂ ಇತ್ತಲ್ಲ!

ಗಿರಣಿಯವನ ಕೆಲಸವೇ ಅದು. ಹಿಟ್ಟು ಬೀಳುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ ಕಲ್ಲು ಬಿಗಿ ಮಾಡಬೇಕು, ಇಲ್ಲವೇ ಸಡಿಲ ಮಾಡಬೇಕು. ಮರುದಿನದಿಂದ ನಾನು ಹಿಟ್ಟು ಮುಟ್ಟುವುದನ್ನು ಬಿಟ್ಟೆ. ಕಣ್ಣಳತೆಯಲ್ಲೇ ಬೀಸಿದೆ. ಮನೆಯಲ್ಲಿ ನನ್ನ ಗಂಗಾಳವನ್ನು ನಾನೇ ತೊಳೆದು ಬೇರೆ ಇಟ್ಟೆ. ನಾಲ್ಕು ವರ್ಷದ ಮಗಳು ಮಂಜವ್ವ ಕುತ್ತಿಗೆಗೆ ಜೋತು ಬಿದ್ದರೆ ಬೈದು ದೂಡಿದೆ. ಅದು ಅಳುತ್ತ ತಾಯಿಯ ಹತ್ತಿರ ಹೋಗುವಾಗ ಅದರ ಕಾಲನ್ನೇ ನೋಡುತ್ತಿದ್ದೆ. ಎಲ್ಲಾದರೂ ಮಚ್ಚೆ ಇದೆಯೇ ಎಂದು.

ವಾರದೊಳಗೆ ಗಿರಾಕಿಗಳು ಜಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಫಕ್ಕೀರವ್ವ. ನಮ್ಮ ಓಣಿಯ ಸುದ್ದಿಯೆಲ್ಲ ಮೊದಲು ಆಕೆಯ ಬಾಯಿಗೆ ಬಂದೇ ಮುಂದೆ ಹೋಗುವುದು.

"ಗುತ್ತೆಪ್ಪಣ್ಣ, ಇದು ಹಿಟ್ಟೋ ನುಚ್ಚೋ? ರೊಟ್ಟಿ ಬಡಿಯಾಕ ಹೋದ್ರ ಸೀಳಿ ನಾಕ ತುಂಡ ಆಗತಾವು. ನಮ್ಮನಿಯವರು ಗಂಗಾಳಾ ಒಗದ್ರು."

"ನಿನಗ ಬಡಿಯಾಕ ಬರೂದಿಲ್ಲ ಅದಕ್ಕ."

"ಇಪ್ಪತ್ತ ವರ್ಷ ಬಡದೇನಿ, ಈಗ ಮರತೇನೇನ? ಬೆರಳಿಗೆ ಏನಾಗೇತಿ ನಿನಗ? ಮುಟ್ಟಿ ನೋಡವಲ್ಲಿ?"

ಬಾಯಿಗೆ ಬಂದದ್ದು ಬೈದು ಕಳಿಸಿದೆ. ಅಂದು ಸಂಜೆ ಶಾರವ್ವ ನನ್ನೆದುರು ಕುಂತಳು.

"ಏನ್ ಆಗೇತ್ರಿ ನಿಮಗ? ಕೂಸಿನ್ನ ಮುಟ್ಟವಲ್ರಿ, ಗಂಗಾಳ ಬ್ಯಾರೆ ಇಟ್ಟೀರಿ. ಗಿರಣಿ ಒಳಗ ನಾಯಿಗತೆ ಎಲ್ಲಾರ ಮ್ಯಾಲೂ ಹರಿಹಾಯಾಕತ್ತೀರಿ."

ನಾನು ಕಾಲು ಚಾಚಿ ಮಚ್ಚೆ ತೋರಿಸಿದೆ. ಸೂಜಿ ಆಕೆಯ ಕೈಗೆ ಕೊಟ್ಟು "ಚುಚ್ಚು" ಎಂದೆ. ಆಕೆ ಚುಚ್ಚಿದಳು. ನಾನು ಮುಖ ಆಚೆ ತಿರುಗಿಸಿಕೊಂಡಿದ್ದೆ.

"ಚುಚ್ಚಿದೇನು?"

ಆಕೆ ಸೂಜಿಯನ್ನು ಸೆರಗಿಗೆ ಒರೆಸಿದಳು. "ನಾಳೆ ಶಿಗ್ಗಾಂವಿಗೆ ಹೋಗ್ರಿ. ಸವಣೂರಾಗ ಎಲ್ಲಾರೂ ಗುರುತಿನವರು. ಶಿಗ್ಗಾಂವ್ದಾಗ ಯಾರೂ ಕೇಳೂದಿಲ್ಲ. ಗಿರಣಿ ಇಂಜಿನ್ನಿನ ಪಟ್ಟಾ ತರಾಕ ಹೋಗ್ಯಾರ ಅಂತ ಹೇಳ್ತೇನಿ."

ಶಿಗ್ಗಾಂವಿಯಲ್ಲಿ ಮಧ್ವೇಶ ಡಾಕ್ಟರರ ದವಾಖಾನೆ ಹೆದ್ದಾರಿಯಿಂದ ನಾಲ್ಕು ಹೆಜ್ಜೆ. ಬಸ್ಸಿನಿಂದ ಇಳಿದಾಗ ಕೂತು ಬಂದ ಕಾಲನ್ನು ಮುಳ್ಳಿನ ಮೇಲೆ ಇಟ್ಟಂತಾಗಿ ಕಂಬ ಹಿಡಿದು ನಿಂತೆ. ದವಾಖಾನೆಯ ಬಾಗಿಲಿಗೆ ಒಂದು ಪರದೆ. ಹೊರಗೆ ಬಾಕಿನ ಮೇಲೆ ಹತ್ತು ಜನ. ನನ್ನ ಪಾಳಿ ಬಂದಾಗ ಒಳಗೆ ಹೋಗಿ ನಿಂತೆ, ಕೂಡಲಿಲ್ಲ.

"ಕೂಡಪಾ. ಏನಾಗೇದ?"

"ಮಚ್ಚಿ ಅದ ರೀ ಸಾಹೇಬ್ರ. ಚುಚ್ಚಿದ್ರ ತಿಳಿಯೂದಿಲ್ಲ."

ಡಾಕ್ಟರರು ಚಷ್ಮಾ ಏರಿಸಿಕೊಂಡರು. ನನ್ನನ್ನು ಮೇಜಿನ ಮೇಲೆ ಮಲಗಿಸಿ ಕಣ್ಣು ಮುಚ್ಚಿಸಿದರು. ಮೊದಲು ಅರಳೆಯ ಎಳೆಯಿಂದ ಮುಟ್ಟಿದರು, ಆಮೇಲೆ ಸೂಜಿ. "ತಿಳೀತಾ? ಈಗ? ಈಗ?" ಪಾದ, ಮೀನಖಂಡ, ಬೆರಳು, ಎಲ್ಲ ಕಡೆ ತಿಳಿಯುತ್ತಿತ್ತು. ಆ ಒಂದು ಜಾಗ ಬಂದಾಗ ಅವರ ದನಿ ಮಾತ್ರ ಕೇಳಿತು, ಸೂಜಿ ತಿಳಿಯಲಿಲ್ಲ. ಮೊಳಕೈ ಹಿಂದೆ, ಮೊಣಕಾಲಿನ ಬದಿಗೆ, ಕಾಲಿನ ಗಿಲಕಿ ಗಂಟಿನ ಹಿಂದೆ ನರಗಳನ್ನು ತಡವಿದರು. ಕಿವಿಯ ಹಾಲೆ ಹಿಸುಕಿದರು. ಅಂಗಿ ಬಿಚ್ಚಿಸಿ ಬೆನ್ನು ನೋಡಿದರು. ನನ್ನ ಬೆವರು ಮೇಜಿನ ಮೇಲಿನ ರೆಕ್ಸಿನ್ನಿಗೆ ಅಂಟಿತ್ತು. ಗಿರಣಿ ಮಾರಿ, ಶಾರವ್ವ ಮತ್ತು ಮಂಜವ್ವನನ್ನು ತವರಿಗೆ ಕಳಿಸಿ, ನಾನು ಎಲ್ಲಿ ಹೋಗುವುದು ಎಂದು ಅಲ್ಲೇ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಅವರು ಹಿಮ್ಮಡಿಯ ಮುಂದಿನ ಒಳಭಾಗಕ್ಕೆ ಹೆಬ್ಬೆರಳು ಇಟ್ಟು ಒತ್ತಿದರು. ನಾನು "ಯವ್ವಾ!" ಎಂದು ಎದ್ದೇ ಕುಂತೆ.

"ಮುಂಜಾನೆ ಎದ್ದು ಮೊದಲನೇ ಹೆಜ್ಜಿ ಇಡೂದ್ರಾಗ ಜೀವ ಹೋಗತದೇನು?"

"ಹೌದ್ರಿ."

"ನಾಕ ಹೆಜ್ಜಿ ಅಡ್ಡಾಡಿದ ಮ್ಯಾಲೆ ಕಮ್ಮಿ?"

"ಹೌದ್ರಿ. ನಿಮಗ ಹೆಂಗ..."

"ಏನ್ ಉದ್ಯೋಗಾ ಮಾಡ್ತಿ?"

ಹೇಳಿದೆ. ಫರಸಿ, ಬರಿಗಾಲು, ಹನ್ನೆರಡು ತಾಸು. ಅವರು ಮಚ್ಚೆಯನ್ನು ಮತ್ತೆ ನೋಡಿದರು. "ಇದು ಯಾರ ಹಾಕಿದ ಬರಿ?"

ಭರಮವ್ವ ಮೂರು ಸಲ ಒತ್ತಿದ್ದು, ಮೊದಲಿನ ಎರಡಕ್ಕೆ ಉರಿ ಹತ್ತದೇ ಹೋದದ್ದು, ಎಲ್ಲ ಹೇಳಿದೆ.

"ಕಾಲು ಸುಟ್ಟುಕೊಂಡು, ಸುಟ್ಟ ಚರ್ಮಕ್ಕ ಯಾಕ ತಿಳಿಯೂದಿಲ್ಲ ಅಂತ ಹೆದರಿ ಬಂದೀಯೇನು? ಶಾಣ್ಯಾ ಇದ್ದೀ ನೋಡು! ಮೊದಲಿನ ಎರಡು ಬರಿ ಯಾಕ ಹತ್ತಲಿಲ್ಲ ಅಂದ್ರ, ನಿನ್ನ ಹಿಮ್ಮಡ ಬರಿಗಾಲಿಲೆ ನಿಂತು ಎತ್ತಿನ ಗೊರಸಾಗೇದ. ಮೂರನೇದ್ದು ಮೆತ್ತನ್ನ ಚರ್ಮ ಒಳಗಿನ ತನಕಾ ಸುಟ್ಟದ. ಸುತ್ತ ಎಲ್ಲಾ ಜೀವಂತ ಅದ. ನರಾ ದಪ್ಪಾಗಿಲ್ಲ, ಬ್ಯಾರೆ ಎಲ್ಲೂ ಮಚ್ಚಿಲ್ಲ. ಆ ರೋಗ ನಿನಗಿಲ್ಲ."

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಅವರು ನನ್ನ ಪಾದವನ್ನು ಹಿಡಿದು ಹಿಮ್ಮಡಿಯಿಂದ ಬೆರಳಿನ ತನಕ ಗೆರೆ ಎಳೆದು ತೋರಿಸಿದರು. "ಅಂಗಾಲಿನ ಅಡಿಗೆ ಇಲ್ಲಿಂದ ಇಲ್ಲಿಗೆ ಒಂದು ಗಟ್ಟಿ ಪಟ್ಟಿ ಅದ. ನಿಂತು ನಿಂತು ಅದು ಹಿಮ್ಮಡದ ಹತ್ರ ಜಗ್ಗಿ ಹರೀಲಿಕ್ಕೆ ಹತ್ತೇದ. ಮಲಗಿದಾಗ ಮುದುಡತದ. ಎದ್ದು ಒಮ್ಮಿಗೇ ಭಾರ ಹಾಕಿದ್ರ ಮತ್ತ ಜಗ್ಗತದ. ಅದಕ್ಕ ಹಾಸಿಗಿ ಬಿಡೂಕಿಂತ ಮೊದಲ ಟಾವೆಲ್ಲು ಪಾದಕ್ಕ ಹಾಕಿ ಬೆರಳು ನಿನ್ನ ಕಡೆ ಎಳಕೋ, ಮೂವತ್ತು ಎಣಿಸೂ ತನಕಾ. ಹಂಗ ಮೂರು ಸಲ. ಗ್ವಾಡಿ ಹಿಡದು ಒಂದು ಕಾಲು ಹಿಂದ ಚಾಚಿ ಮೀನಖಂಡ ಎಳಸು. ಲಟ್ಟಣಿಗಿ ಮ್ಯಾಲೆ ಅಂಗಾಲು ಉರುಳಸು. ತಾಸಿಗೊಮ್ಮೆ ಕೂಡು. ಹಿಮ್ಮಡಕ್ಕ ಮೆತ್ತನ್ನ ಚಪ್ಪಲಿ ಹಾಕು."

"ಗಿರಣಿ ಒಳಗ ಚಪ್ಲಿ ನಡಿಯೂದಿಲ್ರಿ."

"ಚರ್ಮದ್ದು ಬ್ಯಾಡಾದ್ರ ಅರಳಿ ಗಾದಿ ಹೊಲಿಸು. ವಾರದಾಗ ಹೋಗೂದಲ್ಲ ಇದು, ತಿಂಗಳಗಟ್ಟಲೆ ಹಿಡೀತದ. ಬರಿ ಮಾತ್ರ ಇನ್ನ ಹಾಕಿಸಿದ್ರ ನಾನೇ ನಿನಗ ಒಂದು ಹಾಕ್ತೇನಿ."

ಎದ್ದು ಹೊರಡುವಾಗ ಅವರೇ ಕೇಳಿದರು. "ಅಲ್ಲೋ, ಆ ರೋಗ ಇದ್ದಿದ್ರೂ ಏನಾಗತಿತ್ತು? ಗುಳಿಗಿ ಕೊಡ್ತಿದ್ದೆ, ನೀ ಗಿರಣಿ ನಡಸ್ತಿದ್ದಿ. ಹಿಟ್ಟಿನಿಂದ ಹರಡೂದಲ್ಲ ಅದು. ಇಷ್ಟ್ಯಾಕ ನಡುಗಿದಿ?"

ಪರದೆ ಸರಿಸಿ ಹೊರಗೆ ಬಂದರೆ ಬಾಕಿನ ತುದಿಗೆ ಫಕ್ಕೀರವ್ವ ಕುಂತಿದ್ದಳು. ಆಕೆಯ ತಂಗಿಯನ್ನು ಕೊಟ್ಟದ್ದು ಶಿಗ್ಗಾಂವಿಗೆ ಎಂಬುದು ನನಗೆ ಆಗ ನೆನಪಾಯಿತು. ಪಂಖಾದ ಗಾಳಿಗೆ ಪರದೆ ಹಾರುತ್ತಲೇ ಇತ್ತು. ನನ್ನ ಬರಿ ಬೆನ್ನು, ಡಾಕ್ಟರರ ಸೂಜಿ, ಎಲ್ಲ ಆಕೆ ನೋಡಿದ್ದಳು.

"ಪಟ್ಟಾ ತರಾಕ ಬಂದಿದ್ದೇನಣ್ಣ?" ಎಂದಳು, ಅಷ್ಟೇ. ಶಾರವ್ವ ಮುಂಜಾನೆಯೇ ಓಣಿಯಲ್ಲಿ ಹೇಳಿದ್ದ ನೆಪ ಆಕೆಯ ಕಿವಿಗೂ ಬಿದ್ದಿತ್ತು.

ಊರಿಗೆ ಬಂದವನೇ ಗಾದಿ ಹೊಲಿಯುವ ಜಮಾಲಸಾಬನಿಂದ ಹಿಮ್ಮಡಿಗೆ ಅರಳೆ ತುಂಬಿದ ಎರಡು ಮೆತ್ತೆ ಹೊಲಿಸಿದೆ. ಜಾರದ ಹಾಗೆ ಪಾದಕ್ಕೆ ಬಿಳಿ ಬಟ್ಟೆಯ ಪಟ್ಟಿಯಿಂದ ಸುತ್ತಿ ಕಟ್ಟಿಕೊಂಡೆ. ಚರ್ಮ ಇಲ್ಲ, ಕಾಳಿಗೆ ಮೈಲಿಗೆ ಇಲ್ಲ. ಮರುದಿನ ಮುಂಜಾನೆ ಟಾವೆಲ್ಲಿನಿಂದ ಬೆರಳು ಎಳೆದುಕೊಂಡೇ ಎದ್ದೆ. ಮುಳ್ಳು ಇನ್ನೂ ಇತ್ತು, ಆದರೆ ಸ್ವಲ್ಪ ಮೊಂಡಾಗಿತ್ತು. ಹಗುರಾಗಿ ಗಿರಣಿಗೆ ಹೋದೆ. ನನ್ನ ತಪ್ಪು ತಿಳಿದದ್ದು ಬಾಗಿಲು ತೆಗೆದ ಮೇಲೆ. ಕುಷ್ಠದಿಂದ ಬೆರಳು ಉದುರಿದವರು ಬಸ್ ಸ್ಟ್ಯಾಂಡಿನಲ್ಲಿ ಹೀಗೇ ಬಟ್ಟೆ ಸುತ್ತಿಕೊಂಡು ಕುಂತಿರುತ್ತಾರೆ. ಮೊದಲು ಬಂದ ಮುದುಕಿ ನನ್ನ ಪಾದ ನೋಡಿದಳು, ಬುಟ್ಟಿ ಇಳಿಸಲೇ ಇಲ್ಲ. "ಉಪ್ಪು ಮರತೇನಿ" ಎಂದು ಹೊರಟುಹೋದಳು. ಜೋಳಕ್ಕೆ ಎಂಥ ಉಪ್ಪು?

ಅಂದು ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಖಾಲಿ ಗಿರಣಿಯಲ್ಲಿ ಕುಂತು ನಾನು ಉಳವಪ್ಪನ ಮನೆಯ ಬೀಸುವ ಕಲ್ಲಿನ ಸದ್ದು ಕೇಳಿದೆ. ಮೂರನೆಯ ದಿನ ಇನ್ನೆರಡು ಮನೆಯಿಂದ ಅಂಥದೇ ಸದ್ದು ಬಂತು. ಅಟ್ಟದ ಮೇಲಿನ ಹಳೆಯ ಕಲ್ಲು ಕೆಳಗಿಳಿಸಿದ್ದರು.

"ಊರ ಬಿಟ್ಟ ಹೋಗೂಣ್ರಿ" ಎಂದಳು ಶಾರವ್ವ. ಆಕೆಯನ್ನು ನೀರಿನ ಕಟ್ಟೆಯಿಂದ ತುಂಬದ ಕೊಡದೊಂದಿಗೆ ಕಳಿಸಿದ್ದರು. ಕೊಡ ಕಂಕುಳಲ್ಲೇ ಇತ್ತು. ಮಂಜವ್ವನ ಜೊತೆ ಯಾರೂ ಆಡಲು ಬಾರದೆ ಅದು ಬಾಗಿಲಲ್ಲಿ ಒಂದೇ ಕುಂತಿತ್ತು.

ನಾಲ್ಕನೆಯ ದಿನ ಮುಂಜಾನೆ ಗಿರಣಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಚಕ್ಕಡಿ ನಿಂತಿತ್ತು. ಮರುದಿನ ಅಮಾವಾಸ್ಯೆ, ಎಲ್ಲರ ಮನೆಯಲ್ಲೂ ಹಿಟ್ಟು ಬೇಕು. ಸವಣೂರಿನ ಗಿರಣಿಗೆ ಒಯ್ಯಲು ಹೆಂಗಸರು ಬುಟ್ಟಿ ಹೇರುತ್ತಿದ್ದರು. ಫಕ್ಕೀರವ್ವ ಎಣಿಸುತ್ತಿದ್ದಳು.

ನನಗೆ ತಲೆ ಕೆಟ್ಟಿತು. ಹೊರಗೆ ಹೋಗಿ ಚಕ್ಕಡಿಯ ಮುಂದೆ ನಿಂತೆ. ಪಾದದ ಬಟ್ಟೆ ಬಿಚ್ಚಿ ನೆಲಕ್ಕೆ ಒಗೆದು, ಬರಿಗಾಲನ್ನು ಚಕ್ಕಡಿಯ ಮುಂದಿನ ಮೂಕಿ ಮರದ ಮೇಲಿಟ್ಟೆ.

"ನೋಡ್ರಿ! ಎಲ್ಲಾರೂ ನೋಡ್ರಿ! ಬೆರಳು ಎಣಿಸ್ರಿ!"

ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

"ಫಕ್ಕೀರವ್ವಾ, ನೀ ಬಾ. ಶಿಗ್ಗಾಂವ್ದಾಗ ನೋಡಿದ್ದು ನೀನ ಅಲ್ಲಾ? ಇಲ್ಲಿ, ಹಿಮ್ಮಡದ ಮುಂದ, ಹೆಬ್ಬೆಟ್ಟಿಲೆ ಒತ್ತು."

"ನಾ ಯಾಕ ಮುಟ್ಟಲಿ?"

"ಊರತುಂಬ ಬಾಯಿ ಇಟ್ಟೀ ಅಲ್ಲಾ, ಒಂದ ಬೆರಳು ಇಡು!"

ಯಾರೋ ನಕ್ಕರು. ಫಕ್ಕೀರವ್ವನಿಗೆ ಅವಮಾನವಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಂದು ಸಿಟ್ಟಿನಿಂದ ಒತ್ತಿದಳು. ರೊಟ್ಟಿ ಬಡಿದ ಕೈ ಅದು. ನಾನು ಕೂಗಿದ ಕೂಗಿಗೆ ಎತ್ತುಗಳು ಕೊರಳೆತ್ತಿದವು.

"ಅಯ್ಯ, ಇದಕ್ಕ ಜೀವಾ ಅದವ್ವಾ!" ಎಂದಳು ಫಕ್ಕೀರವ್ವ. ಖಾತ್ರಿಗೆ ಇನ್ನೊಮ್ಮೆ ಒತ್ತಿದಳು. ನಾನು ಇನ್ನೊಮ್ಮೆ ಕೂಗಿದೆ. ಈ ಸಲ ಎಲ್ಲರೂ ನಕ್ಕರು. ಬರೆಯ ಕಥೆ, ನಿಂತು ನಿಂತು ಹರಿದ ಪಟ್ಟಿಯ ಕಥೆ, ಎಲ್ಲ ಹೇಳಿದೆ. ಗುಂಪಿನಲ್ಲಿದ್ದ ಭರಮವ್ವ ಮಾತ್ರ ನಗಲಿಲ್ಲ. ಬುಟ್ಟಿಗಳು ಚಕ್ಕಡಿಯಿಂದ ಇಳಿದು ಗಿರಣಿಯೊಳಗೆ ಪಾಳಿ ಹಚ್ಚಿದವು. ಹನ್ನೊಂದು ಬುಟ್ಟಿ. ನಾನು ಪಾದಕ್ಕೆ ಮತ್ತೆ ಮೆತ್ತೆ ಕಟ್ಟಿಕೊಂಡೆ, ಯಾರೂ ಏನೂ ಅನ್ನಲಿಲ್ಲ.

ಇಂಜಿನ್ ಹಚ್ಚಬೇಕು ಎನ್ನುವಷ್ಟರಲ್ಲಿ ಉಳವಪ್ಪನ ಮನೆಯ ಕಲ್ಲಿನ ಸದ್ದು ಕೇಳಿತು. ನಾನು ಕೂಗಿ ಪಾರಾಗಿದ್ದೆ. ಅವನಿಗೆ ತೋರಿಸಲು ಇಂಥ ನೋವು ಇರಲಿಲ್ಲ. ಅವನ ಮಚ್ಚೆಯನ್ನು ಯಾರು ಎಷ್ಟು ಒತ್ತಿದರೂ ಅವನು ಸುಮ್ಮನೇ ನಿಲ್ಲಬೇಕಾಗಿತ್ತು. ಅವತ್ತು ಹೊಸ್ತಿಲಲ್ಲಿ ನಿಂತ ಹಾಗೆ.

"ತಡೀರಿ, ಬಂದೆ" ಎಂದು ಹೊರಟೆ.

ಉಳವಪ್ಪ ಬಾಗಿಲು ತೆಗೆದು ನನ್ನನ್ನು ನೋಡಿದ. ಒಳಗೆ ಬಾ ಎನ್ನಲಿಲ್ಲ.

"ಜೋಳಾ ಕೊಡು, ಬೀಸಿ ಕೊಡ್ತೇನಿ" ಎಂದೆ.

"ಯಾಕ? ಗಿರಣಿ ಖಾಲಿ ಬಿದ್ದೈತಂತ ಈಗ ನನ್ನ ನೆನಪ ಆತೇನು?"

"ಖಾಲಿ ಇಲ್ಲ. ತುಂಬೇತಿ. ಅದಕ್ಕ ಬಂದೇನಿ."

ಅವನು ಬಾಗಿಲ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ಅವನ ಹೆಂಡತಿಯೇ ಕಲ್ಲಿನ ಮುಂದಿನಿಂದ ಎದ್ದು, ಅರೆಬುಟ್ಟಿ ಜೋಳವನ್ನು ತಂದು ನನ್ನ ಕೈಯಲ್ಲಿ ಇಟ್ಟಳು. ಉಳವಪ್ಪ ನನ್ನ ಹಿಂದೆ ಬರಲಿಲ್ಲ, ಬಾಗಿಲಲ್ಲೇ ನಿಂತ.

ಕುಂಟುತ್ತ ಗಿರಣಿಗೆ ಬಂದೆ. ನಗು, ಮಾತು ನಿಂತವು. ಬುಟ್ಟಿ ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ಅದನ್ನು ಹನ್ನೊಂದು ಬುಟ್ಟಿಗಳ ಮುಂದೆ ಇಟ್ಟೆ.

"ಮೊದಲನೇ ಪಾಳಿ ಇದು. ಇದರ ಹಿಂದಿನ ಬುಟ್ಟಿ ನಮ್ಮ ಮನೀದು" ಎಂದೆ. ಡಾಕ್ಟರರ ಮೇಜಿನ ಮೇಲೂ ನಾನು ಅಷ್ಟು ಹೆದರಿರಲಿಲ್ಲ.

ಇಂಜಿನ್ ಹಚ್ಚಿದೆ, ಪಟ್ಟಾ ಏರಿಸಿದೆ, ಉಳವಪ್ಪನ ಜೋಳವನ್ನು ಗಿರಣಿಯ ಬಾಯಿಗೆ ಸುರಿದೆ. ಹಿಟ್ಟು ಬೀಳತೊಡಗಿತು. ಎರಡು ಬೆರಳಿನ ನಡುವೆ ತಿಕ್ಕಿ ನೋಡಿದೆ. ಬೆನ್ನ ಹಿಂದೆ ಫರಸಿಯ ಮೇಲೆ ಬುಟ್ಟಿಯೊಂದು ಕೆರೆದ ಸದ್ದು ಬಂತು. ಆಮೇಲೆ ಇನ್ನೊಂದು. ಮುಂದೆ ಸರಿಯುತ್ತಿವೆಯೋ, ಹೊರಗೆ ಹೋಗುತ್ತಿವೆಯೋ ಎಂದು ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.